ಬೆಳೆಗಾರನ ಬಸವಳಿಕೆ: ಗುರುತಿಸುವ ಬಗೆ, ಸುಧಾರಿಸುವ ಬಗೆ



ಈ ಪತ್ರಿಕೆಯ ಪಾಠಗಳಲ್ಲಿ ಸಾಮಾನ್ಯವಾಗಿ ಅಡಿಕೆಯ ಕೊಳೆರೋಗ, ಕಾಫಿಯ ಬಿಳಿ ಕಾಂಡಕೊರಕ, ಗೊಬ್ಬರದ ಪ್ರಮಾಣ, ಮಣ್ಣು ಪರೀಕ್ಷೆ ಇವುಗಳ ವಿಚಾರವೇ ಇರುತ್ತದೆ. ಈ ಸಲ ಗಿಡದ ವಿಚಾರವನ್ನು ಬದಿಗಿಟ್ಟು, ಗಿಡವನ್ನು ನೋಡಿಕೊಳ್ಳುವವರ ವಿಚಾರವನ್ನು ತೆಗೆದುಕೊಂಡಿದ್ದೇವೆ. ಸಣ್ಣ ಹಿಡುವಳಿಯಲ್ಲಿ ಯಜಮಾನನೇ ಮೇಸ್ತ್ರಿ, ಅವನೇ ರೈಟರು, ಅವನೇ ಆಳು, ರಾತ್ರಿಯಾದರೆ ಅವನೇ ಕಾವಲುಗಾರ. ತೋಟದ ಮುಖ್ಯ ಬಂಡವಾಳ ಅವನ ಮೈ ಮತ್ತು ಮನಸ್ಸು. ಆ ಬಂಡವಾಳ ಒಳಗೊಳಗೇ ಕರಗಿದರೆ ಎಷ್ಟು ಗೊಬ್ಬರ ಹಾಕಿದರೂ ತೋಟ ಉಳಿಯಲಾರದು. ಆದ್ದರಿಂದ ಈ ಪಾಠವನ್ನು ತೋಟಗಾರಿಕೆಯ ಪಾಠವೆಂದೇ ತಿಳಿದು ಓದಬೇಕಾಗಿ ಕೋರುತ್ತೇವೆ.

ದಣಿವು ಬೇರೆ, ಬಸವಳಿಕೆ ಬೇರೆ

ದಿನವಿಡೀ ದುಡಿದವನಿಗೆ ದಣಿವಾಗುವುದು ಸಹಜ. ಉಂಡು ಮಲಗಿ ಬೆಳಿಗ್ಗೆ ಎದ್ದರೆ ಅದು ಇಳಿಯುತ್ತದೆ. ಕೊಯ್ಲಿನ ತಿಂಗಳ ದಣಿವು ಕೊಯ್ಲು ಮುಗಿದ ಮೇಲೆ ಎರಡು ವಾರದಲ್ಲಿ ಹೋಗುತ್ತದೆ. ಇದಕ್ಕೆ ಔಷಧಿ ಬೇಕಿಲ್ಲ.

ಬಸವಳಿಕೆ ಹಾಗಲ್ಲ. ಮಲಗಿ ಎದ್ದರೂ ಅದು ಇಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಇದನ್ನು ‘ಬರ್ನ್‌ಔಟ್’ ಎನ್ನುತ್ತಾರೆ. ಎಣ್ಣೆ ತೀರಿದ ಮೇಲೆ ಬತ್ತಿಯೇ ಉರಿಯುವ ದೀಪದಂಥ ಸ್ಥಿತಿ ಇದು. 1974ರಲ್ಲಿ ನ್ಯೂಯಾರ್ಕಿನ ಮನೋವಿಜ್ಞಾನಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದವರನ್ನು ನೋಡಿ ಈ ವಿಷಯದಲ್ಲಿ ಲೇಖನ ಬರೆದರು. ಅವರು ಕಂಡ ಮುಖ್ಯ ಸಂಗತಿಯೆಂದರೆ, ಹೀಗೆ ಬಸವಳಿಯುವವರು ಸೋಮಾರಿಗಳಲ್ಲ. ಎಲ್ಲರಿಗಿಂತ ಹೆಚ್ಚು ಮನಸ್ಸಿಟ್ಟು ದುಡಿಯುವವರೇ ಮೊದಲು ಬಸವಳಿಯುತ್ತಾರೆ. ಅನಂತರ ಕ್ಯಾಲಿಫೋರ್ನಿಯಾದ ಕ್ರಿಸ್ಟಿನಾ ಮ್ಯಾಸ್ಲಾಕ್ ಎಂಬ ವಿದುಷಿ ಇದನ್ನು ಅಳೆಯುವ ಕ್ರಮವನ್ನು ರೂಪಿಸಿದರು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಒಪ್ಪಿಕೊಂಡ, 2022ರಿಂದ ಜಾರಿಗೆ ಬಂದ ರೋಗಗಳ ಪಟ್ಟಿಯಲ್ಲಿ ಬಸವಳಿಕೆಯ ವಿವರಣೆ ಇದೆ. ಆದರೆ ಅಲ್ಲಿ ಅದನ್ನು ರೋಗವೆಂದು ಕರೆದಿಲ್ಲ. ಕೆಲಸದ ಒತ್ತಡ ಬಹುಕಾಲ ನಿಭಾವಣೆಯಾಗದೆ ಉಳಿದುದರ ಫಲವೆಂದು ಹೇಳಿದೆ. ಎಂದರೆ ದೋಷವನ್ನು ಮನುಷ್ಯನಲ್ಲಿ ಮಾತ್ರ ಹುಡುಕಬಾರದು, ಕೆಲಸದ ಏರ್ಪಾಟಿನಲ್ಲಿಯೂ ಹುಡುಕಬೇಕು. ಈ ಪಾಠದ ತಿರುಳು ಇಷ್ಟೇ.

ಮೂರು ಗುರುತುಗಳು

ಒಂದನೆಯದು, ಬರಿದಾಗುವಿಕೆ. ಬೆಳಿಗ್ಗೆ ಏಳುವಾಗಲೇ ಸಾಕೆನಿಸುತ್ತದೆ. ಮೊದಲು ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದ ಲೆಕ್ಕದ ಪುಸ್ತಕ ಮೂರು ದಿನ ತೆರೆದೇ ಇರುತ್ತದೆ.

ಎರಡನೆಯದು, ದೂರವಾಗುವಿಕೆ. ತಾನೇ ನೆಟ್ಟ ಗಿಡಗಳ ಸಾಲಿನಲ್ಲಿ ನಡೆಯಲು ಮನಸ್ಸಿರುವುದಿಲ್ಲ. ಆಳುಗಳ ಮೇಲೆ, ಮನೆಯವರ ಮೇಲೆ ಸಣ್ಣದಕ್ಕೂ ಸಿಡುಕು. ‘ಏನು ಮಾಡಿದರೂ ಅಷ್ಟೇ’ ಎಂಬ ಮಾತು ಬಾಯಲ್ಲಿ ನಿಲ್ಲುತ್ತದೆ. ಸಂಘದ ಸಭೆಗೆ ತಪ್ಪದೆ ಬರುತ್ತಿದ್ದವನು ಬರುವುದನ್ನು ನಿಲ್ಲಿಸುತ್ತಾನೆ.

ಮೂರನೆಯದು, ತನ್ನ ಕೈಗುಣದಲ್ಲಿ ನಂಬಿಕೆ ಹೋಗುವುದು. ಇಪ್ಪತ್ತು ವರ್ಷ ತೋಟ ಮಾಡಿದವನೇ ‘ನನಗೆ ಏನೂ ಬರುವುದಿಲ್ಲ’ ಎನ್ನುತ್ತಾನೆ. ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಇವತ್ತು ನಾಳೆ ಎಂದು ಮುಂದೆ ಹಾಕುತ್ತಾನೆ. ಕೊಳೆ ಬಂದ ಮೇಲೆ ತನ್ನನ್ನೇ ಬೈದುಕೊಳ್ಳುತ್ತಾನೆ.

ಈ ಮೂರೂ ವಾರಗಟ್ಟಲೆ ಒಟ್ಟಿಗೆ ನಿಂತರೆ ಅದು ಬಸವಳಿಕೆ ಎಂದು ತಿಳಿಯಬೇಕು.

ಕಾಫಿ ಗಿಡ ಕಲಿಸುವ ಪಾಠ

ಅರೇಬಿಕಾ ಬೆಳೆದವರೆಲ್ಲರಿಗೂ ಇದು ಗೊತ್ತು. ನೆರಳು ಕಡಿಮೆಯಾಗಿ ಗೊಬ್ಬರ ಸಾಲದೆ ಇರುವ ಗಿಡ ಒಂದು ವರ್ಷ ಮೈತುಂಬ ಕಾಯಿ ಹಿಡಿಯುತ್ತದೆ. ನೋಡಲು ಕಣ್ಣಿಗೆ ಹಬ್ಬ. ಆದರೆ ಗಿಡ ತನ್ನ ರೆಂಬೆ ಬೇರುಗಳಲ್ಲಿ ಕೂಡಿಟ್ಟ ಸತ್ವವನ್ನೆಲ್ಲ ಕಾಯಿಗೆ ಕೊಟ್ಟುಬಿಡುತ್ತದೆ. ಎಲೆ ಉದುರುತ್ತದೆ, ರೆಂಬೆ ತುದಿಯಿಂದ ಒಣಗುತ್ತಾ ಬರುತ್ತದೆ, ಎಳೆ ಬೇರು ಸಾಯುತ್ತದೆ, ಮುಂದಿನ ವರ್ಷ ಫಸಲಿಲ್ಲ. ಇದನ್ನೇ ಅತಿ ಫಸಲಿನ ಡೈಬ್ಯಾಕ್ ಎನ್ನುತ್ತೇವೆ.

ಇಂಥ ಗಿಡವನ್ನು ಕಂಡು ನಾವು ಯಾರೂ ‘ಇದು ಸೋಮಾರಿ ಗಿಡ’ ಎಂದು ಬೈಯುವುದಿಲ್ಲ. ನೆರಳು ಸರಿಪಡಿಸುತ್ತೇವೆ, ಒಣಗಿದ್ದನ್ನು ಸವರುತ್ತೇವೆ, ಗೊಬ್ಬರ ಕೊಡುತ್ತೇವೆ, ಒಂದು ವರ್ಷ ಕಾಯುತ್ತೇವೆ. ಮನುಷ್ಯನಿಗೂ ಬೇಕಾದುದು ಇವೇ ನಾಲ್ಕು: ಆಸರೆ, ಹೊರೆ ಇಳಿಸುವುದು, ಪೋಷಣೆ, ಕಾಲಾವಕಾಶ.

ಸಣ್ಣ ಬೆಳೆಗಾರನಿಗೇ ಏಕೆ ಹೆಚ್ಚು?

ಕಚೇರಿಯ ನೌಕರನಿಗೆ ಬಾಗಿಲು ಹಾಕುವ ಹೊತ್ತೊಂದು ಇದೆ. ನಮಗಿಲ್ಲ. ಕಾಫಿ ಅಡಿಕೆ ಎರಡೂ ಇರುವ ಮನೆಯ ವರ್ಷವನ್ನು ನೋಡೋಣ. ಫೆಬ್ರವರಿ ಮಾರ್ಚಿನಲ್ಲಿ ಹೂಮಳೆಯ ನಿರೀಕ್ಷೆ; ಬಾರದಿದ್ದರೆ ಸ್ಪ್ರಿಂಕ್ಲರ್ ಪೈಪು ಹೊರುವ ಕೆಲಸ; ಬಂದರೆ ಅದರ ಬೆನ್ನಿಗೆ ಬರಬೇಕಾದ ಬ್ಯಾಕಿಂಗ್ ಮಳೆಯ ಚಿಂತೆ. ಏಪ್ರಿಲ್ ಮೇ ತಿಂಗಳಲ್ಲಿ ಕಾಂಡಕೊರಕದ ಕಾವಲು ಮತ್ತು ಮರಗಸಿ. ಮುಂಗಾರು ಕಾಲೂರುವ ಮೊದಲು ಅಡಿಕೆಗೆ ಬೋರ್ಡೋ, ನಲವತ್ತು ನಲವತ್ತೈದು ದಿನದಲ್ಲಿ ಮತ್ತೊಮ್ಮೆ. ಅದರ ನಡುವೆ ಕಳೆ, ಬಸಿಗಾಲುವೆ, ಗೊಬ್ಬರ. ಮಳೆ ಇಳಿಯುವ ಹೊತ್ತಿಗೆ ಅಡಿಕೆ ಕೊಯ್ಲು, ಸುಲಿತ, ಬೇಯಿಸುವುದು, ಒಣಗಿಸುವುದು. ಅದು ಮುಗಿಯುವಷ್ಟರಲ್ಲಿ ಅರೇಬಿಕಾ ಹಣ್ಣು. ಅದರ ಹಿಂದೆಯೇ ರೊಬಸ್ಟಾ. ರೊಬಸ್ಟಾ ಕಣದಲ್ಲಿರುವಾಗಲೇ ಮತ್ತೆ ಹೂಮಳೆಯ ತಿಂಗಳು. ಎರಡು ಬೆಳೆ ಇಟ್ಟರೆ ಒಂದು ಸೋತರೂ ಇನ್ನೊಂದು ಕೈ ಹಿಡಿಯುತ್ತದೆ ಎಂಬುದು ನಿಜ. ಆದರೆ ಬಿಡುವಿನ ತಿಂಗಳು ಕ್ಯಾಲೆಂಡರಿನಿಂದ ಅಳಿಸಿಹೋಗಿದೆ ಎಂಬುದೂ ಅಷ್ಟೇ ನಿಜ.

ತಗಡೂರಿನ ಸುತ್ತ, ನಂಜನಗೂಡು ಮತ್ತು ತಿ. ನರಸೀಪುರ ತಾಲ್ಲೂಕುಗಳಲ್ಲಿ ಕೊಳವೆ ಬಾವಿ, ಕಬಿನಿ ನೀರಿನ ಆಸರೆಯಲ್ಲಿ ತೋಟ ಮಾಡುವವರಿಗೆ ಕಷ್ಟ ಬೇರೆ ರೂಪದಲ್ಲಿದೆ. ಮೂರು ಫೇಸ್ ಕರೆಂಟು ರಾತ್ರಿ ಪಾಳಿಗೆ ಬಂದರೆ ಟಾರ್ಚು ಹಿಡಿದು ಮೋಟಾರಿನ ಹತ್ತಿರ ಹೋಗಲೇಬೇಕು. 2022ರ ಅಕ್ಟೋಬರ್ ಕೊನೆಯಿಂದ 2023ರ ಜನವರಿಯವರೆಗೆ ತಿ. ನರಸೀಪುರ ತಾಲ್ಲೂಕಿನಲ್ಲಿ ಚಿರತೆಯ ದಾಳಿಗೆ ನಾಲ್ವರು ಬಲಿಯಾದುದನ್ನು ನಾವು ಮರೆತಿಲ್ಲ. ಆ ದಿನಗಳಲ್ಲಿ ನೀರು ಹಾಯಿಸಲು ಹೋದವನ ಎದೆ ಎಷ್ಟು ಸಲ ಹೊಡೆದುಕೊಂಡಿರಬೇಕು! ಅಪಾಯ ಕಳೆದ ಮೇಲೂ ಕಿವಿ ಎಚ್ಚರವಾಗಿಯೇ ಇರುತ್ತದೆ. ನಿದ್ದೆ ತುಂಡಾದ ಮೈಗೆ ಮರುದಿನದ ಸಣ್ಣ ತೊಂದರೆಯೂ ದೊಡ್ಡದಾಗುತ್ತದೆ.

ಹೊರೆ, ಹಿಡಿತ, ಪ್ರತಿಫಲ, ಒಡನಾಟ, ನ್ಯಾಯ, ಮೌಲ್ಯ ಇವು ಆರರಲ್ಲಿ ಮನುಷ್ಯನಿಗೂ ಕೆಲಸಕ್ಕೂ ಹೊಂದಿಕೆ ತಪ್ಪಿದಾಗ ಬಸವಳಿಕೆ ಹುಟ್ಟುತ್ತದೆಂದು ಮ್ಯಾಸ್ಲಾಕ್ ಮತ್ತು ಅವರ ಸಹೋದ್ಯೋಗಿ ಲೈಟರ್ ಹೇಳಿದ್ದಾರೆ. ನಮ್ಮ ತೋಟಕ್ಕೆ ಇವನ್ನು ಹೊಂದಿಸಿ ನೋಡಿದರೆ ಹೆಚ್ಚು ಕಾಡುವುದು ಹಿಡಿತ. ಮಳೆ ನಮ್ಮ ಕೈಯಲ್ಲಿಲ್ಲ, ದರ ನಮ್ಮ ಕೈಯಲ್ಲಿಲ್ಲ, ಆಳು ಬರುವುದೂ ನಮ್ಮ ಕೈಯಲ್ಲಿಲ್ಲ. ಕಾಫಿ ಮಂಡಳಿಯ ಪೂಲಿಂಗ್ ಇದ್ದ ಕಾಲದಲ್ಲಿ ಹಣ ತಡವಾಗಿ ಬರುತ್ತಿತ್ತು, ಆದರೆ ಯಾವಾಗ ಮಾರಬೇಕೆಂಬ ಚಿಂತೆ ಇರಲಿಲ್ಲ. 1992ರಿಂದ ಹಂತ ಹಂತವಾಗಿ ಸಡಿಲಿಸಿ 1996ರ ಹೊತ್ತಿಗೆ ಮಾರುಕಟ್ಟೆ ಪೂರ್ತಿ ಮುಕ್ತವಾಯಿತು. ಸ್ವಾತಂತ್ರ್ಯ ಬಂತು, ಅದರ ಜೊತೆಗೆ ದಿನದ ದರ ನೋಡುವ ಚಿಂತೆಯೂ ಬಂತು. ಮುಂದಿನ ಕೆಲವೇ ವರ್ಷಗಳಲ್ಲಿ, 2001-02ರ ಸುಮಾರಿಗೆ, ದರ ನೆಲ ಕಚ್ಚಿತು.

ಬೆಲೆ ಬಿದ್ದಾಗ ಮಾತ್ರ ಬಸವಳಿಕೆ ಎಂದು ತಿಳಿಯುವುದೂ ತಪ್ಪು. 2024-25ರ ಹಂಗಾಮಿನಲ್ಲಿ ಕಾಫಿ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿತು. ಇಂಥ ಏರುಬೆಲೆಯಲ್ಲಿ ಒಂದು ಹಣ್ಣೂ ನೆಲಕ್ಕೆ ಬೀಳಬಾರದೆಂಬ ಆತುರ, ಕಣದಲ್ಲಿ ಕಳ್ಳರ ಭಯ, ಇವತ್ತು ಮಾರಿದರೆ ನಾಳೆ ಏರೀತೆಂಬ ಕೊರಗು ಇವೆಲ್ಲ ನಿದ್ದೆಯನ್ನು ಕೆಡಿಸುತ್ತವೆ. ನಷ್ಟದ ವರ್ಷ ಆಯಾಸ ಪಡುವಂತೆಯೇ ಲಾಭದ ವರ್ಷವೂ ಮನುಷ್ಯ ಆಯಾಸ ಪಡುತ್ತಾನೆ.

ಮನೆಯ ಹೆಣ್ಣುಮಕ್ಕಳ ಹೊರೆಯನ್ನು ಇಲ್ಲಿ ಹೇಳದಿದ್ದರೆ ಪಾಠ ಅರ್ಧವಾಗುತ್ತದೆ. ಆಳುಗಳಿಗೆ ಕಾಫಿ ತಿಂಡಿ, ದನಕರು, ಕಣದ ಕಾವಲು, ಅತ್ತೆ ಮಾವಂದಿರ ಆರೈಕೆ, ಮಕ್ಕಳ ಶಾಲೆ ಎಲ್ಲವೂ ಒಬ್ಬಳ ಮೇಲೆಯೇ ಇದ್ದು, ಇದರಲ್ಲಿ ಯಾವುದೂ ಲೆಕ್ಕದ ಪುಸ್ತಕಕ್ಕೆ ಏರುವುದಿಲ್ಲ. ಲೆಕ್ಕಕ್ಕೆ ಬಾರದ ದುಡಿಮೆಯಿಂದ ಬರುವ ಬಸವಳಿಕೆ ಎಲ್ಲಕ್ಕಿಂತ ಕಾಣದಂಥದು.

ನಮ್ಮ ತಾಲ್ಲೂಕು ಕಂಡ ನೋವು

2020ರ ಮಾರ್ಚಿನಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೋವಿಡ್ ಹರಡಿ ಇಡೀ ರಾಜ್ಯದ ಕಣ್ಣು ನಮ್ಮ ತಾಲ್ಲೂಕಿನ ಮೇಲೆ ಬಿದ್ದಿತ್ತು. ಅಂದಿನ ತಾಲ್ಲೂಕು ಆರೋಗ್ಯಾಧಿಕಾರಿಗಳು ಆ ಸಂಕಟದ ತಿಂಗಳುಗಳಲ್ಲಿ ಮುಂದೆ ನಿಂತು ದುಡಿದವರು. ಅದೇ ವರ್ಷ ಆಗಸ್ಟ್‌ನಲ್ಲಿ ಅವರು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಮಿತಿಮೀರಿದ ಕೆಲಸದ ಒತ್ತಡವೇ ಕಾರಣವೆಂದು ಸಹೋದ್ಯೋಗಿ ವೈದ್ಯರು ಪ್ರತಿಭಟನೆಗೆ ಇಳಿದರು. ಸರ್ಕಾರ ತನಿಖೆಗೆ ಆದೇಶಿಸಿತು. ಅದರ ತೀರ್ಮಾನ ಹೇಳುವುದು ನಮ್ಮ ಕೆಲಸವಲ್ಲ. ಇಂಥ ಸಾವಿಗೆ ಒಂದೇ ಕಾರಣವನ್ನು ಬೊಟ್ಟು ಮಾಡಿ ತೋರಿಸುವುದೂ ಸಲ್ಲದು.

ಆದರೂ ಇದರಿಂದ ಒಂದು ಮಾತನ್ನು ನಾವು ತಿಳಿಯಬೇಕು. ಓದು, ಹುದ್ದೆ, ಅನುಭವ ಇವು ಯಾವುವೂ ಬಸವಳಿಕೆಗೆ ತಡೆಯಲ್ಲ. ವೈದ್ಯರಿಗೇ ಆಸರೆ ಬೇಕಾಗುವಾಗ ‘ನನಗೇನಾದೀತು, ನಾನು ಗಟ್ಟಿ’ ಎಂದು ಬೆಳೆಗಾರ ಹೇಳುವುದರಲ್ಲಿ ಅರ್ಥವಿಲ್ಲ. ಎಲ್ಲರೂ ‘ಅವರು ನಿಭಾಯಿಸುತ್ತಾರೆ’ ಎಂದುಕೊಳ್ಳುವ ಮನುಷ್ಯನನ್ನೇ ಮೊದಲು ವಿಚಾರಿಸಬೇಕು.

ಮಾಡತಕ್ಕ ಕೆಲಸಗಳು

1. ಮೊದಲು ರಕ್ತ ಪರೀಕ್ಷೆ. ರಕ್ತಹೀನತೆ, ಸಕ್ಕರೆ ಕಾಯಿಲೆ, ಥೈರಾಯ್ಡ್ ದೋಷ ಇವೂ ಇಂಥದೇ ಆಯಾಸ ತರುತ್ತವೆ. ಅವು ಇಲ್ಲವೆಂದು ಗೊತ್ತಾದ ಮೇಲೆ ಮುಂದಿನ ಮಾತು. ಕೀಟನಾಶಕ ಸಿಂಪಡಿಸಿದ ದಿನ ತಲೆಸುತ್ತು, ವಿಪರೀತ ಬೆವರು, ಬಾಯಲ್ಲಿ ಜೊಲ್ಲು, ಕಣ್ಣು ಮಂಜಾಗುವುದು, ವಾಂತಿ ಕಂಡರೆ ಅದು ಆಯಾಸವಲ್ಲ, ವಿಷ. ತಡಮಾಡದೆ ಡಬ್ಬಿಯ ಸಮೇತ ಆಸ್ಪತ್ರೆಗೆ ಹೋಗಬೇಕು.

2. ಒಂದು ವಾರದ ಲೆಕ್ಕ ಬರೆಯಿರಿ. ನೋಟ್‌ಬುಕ್ಕಿನಲ್ಲಿ ಮೂರು ಕಲಂ: ಮಾಡಿದ ಕೆಲಸ, ಅದು ಅಂದೇ ಆಗಬೇಕಿತ್ತೇ, ಬೇರೆ ಯಾರಾದರೂ ಮಾಡಬಹುದಿತ್ತೇ. ವಾರದ ಕೊನೆಗೆ ನೋಡಿದರೆ, ನಾವೇ ಮಾಡಬೇಕೆಂದು ಹಟ ಹಿಡಿದ ಎಷ್ಟೋ ಕೆಲಸ ಇನ್ನೊಬ್ಬರಿಂದಲೂ ಆಗುವಂಥದೆಂದು ಕಾಣುತ್ತದೆ. ಅಡಿಕೆಯನ್ನು ಚೇಣಿಗೆ ಕೊಟ್ಟರೆ ಒಂದಿಷ್ಟು ಹಣ ಕಡಿಮೆ ಬರುತ್ತದೆ, ನಿಜ. ಆದರೆ ಮನೆಯಲ್ಲಿ ಕೈ ಕಡಿಮೆ ಇರುವ ವರ್ಷ ಆ ಹಣಕ್ಕೆ ಎಷ್ಟು ರಾತ್ರಿಯ ನಿದ್ದೆ ಹೋಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

3. ದರದ ಚಿಂತೆಗೆ ಕಟ್ಟು ಹಾಕಿ. ಗಂಟೆಗೊಮ್ಮೆ ಮೊಬೈಲಿನಲ್ಲಿ ದರ ನೋಡಿದರೆ ದರ ಏರುವುದಿಲ್ಲ. ದಿನಕ್ಕೊಮ್ಮೆ ನೋಡಿದರೆ ಸಾಕು. ಫಸಲನ್ನು ಮೂರು ಪಾಲು ಮಾಡಿ, ಯಾವ ತಿಂಗಳು ಯಾವ ಪಾಲು ಎಂದು ಮೊದಲೇ ಬರೆದಿಟ್ಟು ಮಾರುವುದು ಒಳ್ಳೆಯದು. ಅತಿ ಹೆಚ್ಚಿನ ದರ ತಪ್ಪಬಹುದು. ಅತಿ ಕಡಿಮೆ ದರಕ್ಕೆ ಪೂರ್ತಿ ಮಾರಿದ ಸಂಕಟವೂ ತಪ್ಪುತ್ತದೆ.

4. ವಾರಕ್ಕೊಂದು ದಿನ ನೊಗ ಇಳಿಸಿ. ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡಬಾರದೆಂದು ನಮ್ಮ ಹಿರಿಯರು ಕಟ್ಟಳೆ ಮಾಡಿದ್ದರು. ಬಸವಣ್ಣನಿಗೆ ರಜೆ ಕೊಟ್ಟವರು ಯಜಮಾನನಿಗೆ ಕೊಡದೆ ಹೋದರು! ವಾರದಲ್ಲಿ ಅರ್ಧ ದಿನವಾದರೂ ತೋಟದ ಮಾತು ಆಡದೆ ಇರುವುದನ್ನು ಮನೆಮಂದಿಯೆಲ್ಲ ನಿಯಮವಾಗಿ ಪಾಲಿಸಬೇಕು. ಆ ಅರ್ಧ ದಿನ ಅಡುಗೆಮನೆಗೂ ರಜೆ ಇರಲಿ.

5. ನಿದ್ದೆಯನ್ನು ಹಂಚಿಕೊಳ್ಳಿ. ಅಕ್ಕಪಕ್ಕದ ಮೂರು ನಾಲ್ಕು ತೋಟದವರು ಸರದಿಯಂತೆ ಇಬ್ಬಿಬ್ಬರು ರಾತ್ರಿ ಮೋಟಾರು ನೋಡಿಕೊಂಡರೆ ಉಳಿದವರು ನಿದ್ದೆ ಮಾಡಬಹುದು. ಜೊತೆಯಿದ್ದರೆ ಕಾಡುಪ್ರಾಣಿಯ ಭಯವೂ ಕಡಿಮೆ. ನಿದ್ದೆ ಬರಲೆಂದು ಕುಡಿಯುವ ಅಭ್ಯಾಸ ಮಾತ್ರ ಬೇಡ. ಮದ್ಯ ಬೇಗ ಕಣ್ಣು ಮುಚ್ಚಿಸುತ್ತದೆ, ಆದರೆ ನಡುರಾತ್ರಿ ಎಬ್ಬಿಸುತ್ತದೆ. ಬೆಳಗಿನ ಆಯಾಸಕ್ಕೆ ಸಂಜೆ ಮತ್ತೆ ಕುಡಿಯುವ ಚಕ್ರ ಶುರುವಾಗುತ್ತದೆ.

6. ಮುಯ್ಯಾಳು ಪದ್ಧತಿಯನ್ನು ಮತ್ತೆ ತನ್ನಿ. ‘ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು’ ಎಂಬ ಮುಯ್ಯಿ ನಮ್ಮ ಊರುಗಳಿಗೆ ಹೊಸದಲ್ಲ. ಗಾಂಧೀಜಿ ಬಂದುಹೋದ, ತಗಡೂರು ರಾಮಚಂದ್ರರಾಯರು ಖಾದಿ ಕೆಲಸಕ್ಕೆ ಜನರನ್ನು ಕೂಡಿಸಿದ ಊರಿನವರಿಗೆ ಕೂಡಿ ದುಡಿಯುವುದನ್ನು ಹೇಳಿಕೊಡಬೇಕಾಗಿಲ್ಲ. ಫಿನ್ಲೆಂಡ್ ದೇಶದಲ್ಲಿ 1970ರ ದಶಕದಿಂದಲೂ ಹೈನುಗಾರ ರಜೆ ಹೋದಾಗ ಅವನ ದನ ನೋಡಿಕೊಳ್ಳಲು ಬದಲಿ ಕೆಲಸಗಾರರನ್ನು ಕಳುಹಿಸುವ ಏರ್ಪಾಟು ಇದೆ. ಸರ್ಕಾರ ಮಾಡುವವರೆಗೆ ನಾವು ಕಾಯಬೇಕಿಲ್ಲ. ಐದಾರು ಮನೆಯವರು ಸೇರಿ, ವರ್ಷಕ್ಕೆ ಪ್ರತಿ ಮನೆಗೆ ನಾಲ್ಕು ದಿನ ರಜೆ, ಆ ದಿನ ತೋಟದ ಜವಾಬ್ದಾರಿ ಉಳಿದವರದು ಎಂದು ಒಪ್ಪಂದ ಮಾಡಿಕೊಂಡರೆ ಸಾಕು.

7. ಕಂತು ತಪ್ಪುವ ಮೊದಲೇ ಮಾತನಾಡಿ. ಸಾಲಗಾರ ಸದಸ್ಯರು ವಾಯಿದೆ ಹತ್ತಿರ ಬಂದಂತೆ ಸಂಘದ ಬಾಗಿಲು ತಪ್ಪಿಸಿ ಬೇರೆ ಬೀದಿಯಲ್ಲಿ ಹೋಗುವುದನ್ನು ಕಾರ್ಯದರ್ಶಿಗಳಾದ ನಾವು ಬಲ್ಲೆವು. ಮುಚ್ಚಿಟ್ಟ ಸಾಲ ಬಡ್ಡಿಗಿಂತ ಬೇಗ ಬೆಳೆಯುವುದು ಮನಸ್ಸಿನಲ್ಲಿ. ಪ್ರಕೃತಿ ವಿಕೋಪವೆಂದು ಘೋಷಣೆಯಾದ ವರ್ಷ ಬೆಳೆಸಾಲದ ಅವಧಿಯನ್ನು ಬದಲಾಯಿಸಿಕೊಡಲು ನಿಯಮಗಳಲ್ಲಿ ಅವಕಾಶವಿದೆ. ವಾಯಿದೆಗೆ ಮೊದಲೇ ಬಂದು ಹೇಳಿದರೆ ದಾರಿ ಹುಡುಕಬಹುದು. ನೋಟೀಸು ಹೋದ ಮೇಲೆ ದಾರಿ ಕಿರಿದಾಗುತ್ತದೆ.

ವೈದ್ಯರ ಬಳಿ ಯಾವಾಗ?

ಬಸವಳಿಕೆ ಕೆಲಸಕ್ಕೆ ಅಂಟಿಕೊಂಡಿರುತ್ತದೆ; ಕೆಲಸದ ಹೊರೆ ಇಳಿದರೆ ನಿಧಾನವಾಗಿ ತಿಳಿಯಾಗುತ್ತದೆ. ಖಿನ್ನತೆ ಹಾಗಲ್ಲ. ಮಗಳ ಮದುವೆಯಲ್ಲಿಯೂ ಸಂತೋಷವಿಲ್ಲ, ಊಟ ರುಚಿಸುವುದಿಲ್ಲ, ನಸುಕಿನಲ್ಲೇ ಎಚ್ಚರ, ಮಾತು ಬೇಡ ಎಂಬ ಸ್ಥಿತಿ ಎರಡು ವಾರ ಮೀರಿದರೆ ಅದು ಚಿಕಿತ್ಸೆ ಬೇಕಾದ ಕಾಯಿಲೆ. ಬದುಕುವುದು ಸಾಕು ಎಂಬ ಮಾತು ಬಾಯಿಂದ ಬಂದರೆ ಎರಡು ವಾರವನ್ನೂ ಕಾಯಬಾರದು. ಅಂಥವರನ್ನು ಒಂಟಿಯಾಗಿ ಬಿಡದೆ, ಕ್ರಿಮಿನಾಶಕದ ಡಬ್ಬಿಗಳನ್ನು ಮನೆಯಿಂದ ಬೇರೆ ಕಡೆ ಬೀಗ ಹಾಕಿಟ್ಟು, ಅಂದೇ ವೈದ್ಯರಿಗೆ ತೋರಿಸಬೇಕು. ‘ಸಾಯುವ ಯೋಚನೆ ಬರುತ್ತಿದೆಯೇ?’ ಎಂದು ನೇರವಾಗಿ ಕೇಳಿದರೆ ಆ ಯೋಚನೆ ಹುಟ್ಟುತ್ತದೆಂಬ ಭಯ ಬೇಡ; ಕೇಳಿದರೆ ಎದೆಯ ಭಾರ ಇಳಿಯುತ್ತದೆ.

ಮನಸ್ಸಿನ ಚಿಕಿತ್ಸೆಗೆ ಬೆಂಗಳೂರಿಗೇ ಹೋಗಬೇಕೆಂಬ ಕಾಲ ಹೋಯಿತು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೇ ತರಬೇತಿ ಕೊಟ್ಟು, ಹಳ್ಳಿಯಲ್ಲಿಯೇ ಮಾನಸಿಕ ಚಿಕಿತ್ಸೆ ಸಾಧ್ಯವೆಂದು ತೋರಿಸಿದರು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಿದರೆ ಮನೋವೈದ್ಯರು ಬರುವ ದಿನವನ್ನು ತಿಳಿಸುತ್ತಾರೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮನಸ್ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಹಣವಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಈ ಸಂಖ್ಯೆಯನ್ನು ಗೊಬ್ಬರದ ಅಂಗಡಿಯ ಕ್ಯಾಲೆಂಡರಿನ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ.

ಅಭ್ಯಾಸ

ಮನೆಯವರೆಲ್ಲ ಕುಳಿತು ಈ ಕೆಳಗಿನ ಪ್ರಶ್ನೆಗಳಿಗೆ ಉತ್ತರ ಬರೆದುಕೊಳ್ಳಬೇಕು.

ಅ) ಕಳೆದ ಒಂದು ತಿಂಗಳಲ್ಲಿ ಎಷ್ಟು ರಾತ್ರಿ ತುಂಬ ನಿದ್ದೆ ಮಾಡಿದ್ದೇವೆ?

ಆ) ನಾವು ನಾಲ್ಕು ದಿನ ಮಲಗಿದರೆ ತೋಟವನ್ನು ಯಾರು ನೋಡುತ್ತಾರೆ? ಅವರಿಗೆ ಅದನ್ನು ಹೇಳಿದ್ದೇವೆಯೇ?

ಇ) ಮನೆಯಲ್ಲಿ ಯಾರ ಕೆಲಸ ಲೆಕ್ಕಕ್ಕೆ ಬರುತ್ತಿಲ್ಲ?

ಈ) ಇತ್ತೀಚೆಗೆ ಸಭೆಗೆ, ಸಂತೆಗೆ, ದೇವಸ್ಥಾನಕ್ಕೆ ಬರುವುದನ್ನು ನಿಲ್ಲಿಸಿದ ನೆರೆಯವರು ಯಾರು?

ನಾಲ್ಕನೆಯ ಪ್ರಶ್ನೆಗೆ ಒಂದು ಹೆಸರು ಹೊಳೆದರೆ, ಸಂಚಿಕೆ ಮಡಚಿಟ್ಟು ಇವತ್ತು ಸಂಜೆಯೇ ಅವರ ಮನೆಯ ಜಗಲಿಗೆ ಹೋಗಿ ಕುಳಿತು ಬನ್ನಿ. ಬುದ್ಧಿ ಹೇಳಬೇಕಿಲ್ಲ; ‘ನಾಳೆ ಔಷಧಿ ಹೊಡೆಯಲು ನಾವೂ ಬರುತ್ತೇವೆ’ ಎಂದರೆ ಸಾಕು. ಮುಯ್ಯಾಳು ಗುಂಪು ಮಾಡಿಕೊಳ್ಳಲು ಇಚ್ಛಿಸುವ ಸದಸ್ಯರು ತಮ್ಮ ಹೆಸರುಗಳನ್ನು ಸಂಘದ ಕಚೇರಿಯಲ್ಲಿ ಬರೆಸಬೇಕಾಗಿ ಕೋರುತ್ತೇವೆ.